ನಾನ್-ಕಮರ್ಷಿಯಲ್ ಅಂತ ಹಾಕಿದ್ರೆ ಸೇಫಾ?

ಪ್ರಶ್ನೆ: ಸರ್, ಕನ್ನಡ ಸ್ಪೆಲ್ ಚೆಕ್ ಮಾಡೋ ಸಣ್ಣ ಸಾಫ್ಟ್‌ವೇರ್ ಬರ್ದಿದೀನಿ. ಓಪನ್ ಸೋರ್ಸ್ ಮಾಡ್ಬೇಕು, ಅಂದ್ರೆ ಕೋಡನ್ನ ಯಾರು ಬೇಕಾದ್ರೂ ನೋಡಿ, ತಿದ್ದಿ, ಹಂಚೋ ಹಾಗೆ ಬಿಡ್ಬೇಕು ಅಂತ ಆಸೆ, ಆದ್ರೆ ಯಾವ್ದೋ ಕಂಪನಿಯವ್ರು ಎತ್ಕೊಂಡು ದುಡ್ಡು ಮಾಡ್ಕೋಬಾರ್ದು. ಕ್ರಿಯೇಟಿವ್ ಕಾಮನ್ಸ್ ಅನ್ನೋ ಸಂಸ್ಥೆಯ ಎನ್‌ಸಿ (ನಾನ್-ಕಮರ್ಷಿಯಲ್, ವ್ಯಾಪಾರಕ್ಕೆ ಬಳಸ್ಬಾರ್ದು ಅನ್ನೋ) ಲೈಸೆನ್ಸ್ ಹಾಕ್ಲಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹಾಕಿ, ನಿಮ್ ಕೋಡು ನಿಮ್ಮಿಷ್ಟ. ಆದ್ರೆ ಆಮೇಲೆ ಅದನ್ನ ಓಪನ್ ಸೋರ್ಸ್ ಅನ್ನೋ ಹಾಗಿಲ್ಲ. ಓಪನ್ ಸೋರ್ಸ್ ಅಂದ್ರೇನು ಅಂತ ವ್ಯಾಖ್ಯೆ ಕೊಟ್ಟಿರೋ ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆಯವರ ವ್ಯಾಖ್ಯೆಯಲ್ಲಿ 6ನೇ ಷರತ್ತೇ ಇದು, ಇಂಥ ಕೆಲಸಕ್ಕೆ ಬಳಸ್ಬೇಡಿ ಅಂತ ಯಾರನ್ನೂ ತಡೀಬಾರ್ದು, ಅದು ವ್ಯಾಪಾರ ಆದ್ರೂ ಸರಿ. ಇನ್ನು ಕ್ರಿಯೇಟಿವ್ ಕಾಮನ್ಸ್‌ನವ್ರಂತೂ ಸಾಫ್ಟ್‌ವೇರಿಗೆ ನಮ್ ಲೈಸೆನ್ಸ್ ಬಳಸ್ಬೇಡಿ ಅಂತ ತಾವೇ ಹೇಳ್ತಾರೆ.

ಎನ್‌ಸಿಯಿಂದ ಮೊದ್ಲು ಪೆಟ್ಟು ತಿನ್ನೋದು ದೊಡ್ಡ ಕಂಪನಿ ಅಲ್ಲ, ಅವ್ರು ಬೇಕಾದ್ರೆ ಜನ ಇಟ್ಟು ತಮ್ಮದೇ ಬರೆಸ್ಕೋತಾರೆ. ನಿಮ್ಮೂರಿನ ಡಿಟಿಪಿ ಅಂಗಡಿಯವ್ರು ಲಗ್ನಪತ್ರಿಕೆಲಿ ಕಾಗುಣಿತ ತಪ್ಪಿದ್ಯಾ ಅಂತ ನಿಮ್ ಸಾಫ್ಟ್‌ವೇರಲ್ಲಿ ನೋಡಿ ಗಿರಾಕಿ ಹತ್ರ ಕಾಸು ತಗೊಂಡ್ರೆ ಅದು ಕಮರ್ಷಿಯಲ್ಲೇ ತಾನೆ? ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಂಚೋ ಡೆಬಿಯನ್‌ನವ್ರು ಎನ್‌ಸಿ ಇರೋದನ್ನ ತಮ್ಮ ಸಾಫ್ಟ್‌ವೇರ್‌ಗಳ ಮುಖ್ಯ ಭಂಡಾರಕ್ಕೆ ಸೇರಿಸಲ್ಲ. ಜಿಪಿಎಲ್ (ಹಂಚಿದ್ರೆ ಸೋರ್ಸ್ ಕೋಡೂ ಕೊಡ್ಬೇಕು ಅನ್ನೋ ಓಪನ್ ಸೋರ್ಸ್ ಲೈಸೆನ್ಸ್) ಕೋಡಿನ ಜೊತೆ ಬೆರೆಸಿ ಹಂಚೋಕೂ ಆಗಲ್ಲ, ಯಾಕಂದ್ರೆ ಮೇಲಿಂದ ಹೊಸ ನಿರ್ಬಂಧ ಹಾಕೋಕೆ ಜಿಪಿಎಲ್ ಬಿಡಲ್ಲ.

ಲಿನಕ್ಸೇ ಶುರುವಲ್ಲಿ ಹೀಗಿತ್ತು ಗೊತ್ತಾ? 1991ರಲ್ಲಿ ಅದನ್ನ ಬರೆದ ಲಿನಸ್ ಟೊರ್ವಾಲ್ಡ್ಸ್ ಹಾಕಿದ್ದ ಲೈಸೆನ್ಸಲ್ಲಿ ಹಂಚೋಕೆ ದುಡ್ಡು ತಗೋಬಾರ್ದು, ಹ್ಯಾಂಡ್ಲಿಂಗ್ ಚಾರ್ಜ್ ಕೂಡ ಬೇಡ ಅಂತಿತ್ತು. ಆಗೆಲ್ಲ ಫ್ಲಾಪಿ ಕಾಲ, ಕಾಪಿ ಮಾಡಿ ಹಂಚೋರಿಗೆ ಫ್ಲಾಪಿ ಖರ್ಚಾದ್ರೂ ಹುಟ್ಬೇಕಲ್ಲ. ಕೆಲವ್ರು ಕೇಳ್ಕೊಂಡ್ಮೇಲೆ 1992ರ ಫೆಬ್ರುವರಿಯಿಂದ ಜಿಪಿಎಲ್‌ಗೆ ಬದಲಾಯಿಸಿದ್ರು. ಆಗ ಕೋಡಲ್ಲಿ ಹೆಚ್ಚಿನ ಪಾಲು ಅವ್ರದ್ದೇ ಇತ್ತು, ಹಾಗಾಗಿ ಸಲೀಸಾಯ್ತು. ನಿಮ್ ಕೋಡಿಗೆ ನಾಳೆ ಹತ್ತು ಜನ ಕೈ ಹಾಕಿದ್ರೆ ಲೈಸೆನ್ಸ್ ಬದ್ಲಾಯಿಸೋಕೆ ಹತ್ತೂ ಜನರ ಒಪ್ಪಿಗೆ ಬೇಕು, ಅದ್ರಲ್ಲಿ ಇಬ್ರು ಮೇಲ್‌ಗೆ ಉತ್ತರಾನೇ ಕೊಡಲ್ಲ.

ನಿಮ್ ಭಯ ಕಂಪನಿಯವ್ರು ಕೋಡ್ ತಗೊಂಡು ಮುಚ್ಚಿಟ್ಕೋತಾರೆ ಅಂತ ಆದ್ರೆ ಜಿಪಿಎಲ್ ಸಾಕು, ಮಾರಿದ್ರೂ ಕೊಂಡವ್ರಿಗೆ ಸೋರ್ಸ್ ಕೊಡ್ಲೇಬೇಕು. ಸರ್ವರಲ್ಲಿಟ್ಟು ವೆಬ್‌ಸೈಟ್ ಮಾಡ್ತಾರೆ ಅಂತ ಅನುಮಾನ ಇದ್ರೆ ಎಜಿಪಿಎಲ್ ಹಾಕಿ, ಅದ್ರಲ್ಲಿ ಕೋಡ್ ತಿದ್ದಿ ವೆಬ್‌ಸೈಟಲ್ಲಿ ಇಟ್ರೂ ಬಳಸೋರಿಗೆ ಸೋರ್ಸ್ ಕೊಡ್ಬೇಕು. ಯಾರೂ ಒಂದು ಪೈಸೆ ದುಡೀಲೇಬಾರ್ದು ಅನ್ನೋ ಹಟ ಇದ್ರೆ ಮಾತ್ರ ಎನ್‌ಸಿ ಥರದ್ದು, ನಂಗಂತೂ ಅದು ಲಾಸ್ ಅನ್ಸುತ್ತೆ. ಅಂದಹಾಗೆ ಪದಪಟ್ಟಿ ಎಲ್ಲಿಂದ ತಗೊಂಡ್ರಿ ಅಂತ ಬರ್ದಿಲ್ಲ, ಯಾವ್ದಾದ್ರೂ ನಿಘಂಟಿಂದ ಎತ್ತಿದ್ರೆ ಮೊದ್ಲು ಅದ್ರ ಹಕ್ಕು ಯಾರ್ದು ನೋಡ್ಕೊಳಿ.