ಓಟಿಜಿಯಲ್ಲಿ ರೋಸ್ಟ್ ಮಾಡಿದ ಸಿಹಿಗುಂಬಳ ನೀರು ನೀರಾಗುತ್ತದೆ, ಯಾಕೆ? ಬಟರ್‌ನಟ್ಟೇ ತರಬೇಕಾ?

ನೀವು ಬರೆದದ್ದು ಇಷ್ಟು: ಚಿಂತಾಮಣಿ ಮಾರ್ಕೆಟ್ಟಿನಿಂದ ಮುಕ್ಕಾಲು ಕೆಜಿ ಸಿಹಿಗುಂಬಳದ ಹೋಳು ತಂದಿರಿ. ಬಟರ್‌ನಟ್ ಸ್ಕ್ವಾಷ್ ಅನ್ನುವ ವಿದೇಶಿ ಕುಂಬಳದ ವಿಡಿಯೋ ನೋಡಿಕೊಂಡು 180 ಡಿಗ್ರಿಯಲ್ಲಿ 40 ನಿಮಿಷ ಓಟಿಜಿಯಲ್ಲಿ, ಅಂದರೆ ಮೇಲೆ ಕೆಳಗೆ ಕಾಯಿಲ್ ಇರುವ ಸಣ್ಣ ಕರೆಂಟ್ ಓವನ್‌ನಲ್ಲಿ, ಇಟ್ಟಿರಿ. ಕೊನೆಗೆ ಸಿಕ್ಕಿದ್ದು ಟ್ರೇ ತುಂಬ ನೀರು, ಪಲ್ಯಕ್ಕೂ ಬಾರದ ಹಿಟ್ಟು. ಮುದ್ದೆಗೋ ಚಪಾತಿಗೋ ನಂಚಿಕೊಳ್ಳೋಕೆ ಸರಳವಾಗಿ ಏನಾದರೂ ಆಗಬೇಕು, ಅದಕ್ಕೆ ಬಟರ್‌ನಟ್ಟೇ ಹುಡುಕಬೇಕಾ ಅಂತ ಕೇಳಿದ್ದೀರಿ.

ಹುಡುಕಬೇಕಿಲ್ಲ. ಬಟರ್‌ನಟ್ಟೂ ನಮ್ಮ ಸಂತೆಗೆ ಬರುವ ಬಹುಪಾಲು ಸಿಹಿಗುಂಬಳವೂ ಒಂದೇ ಜಾತಿ, ಕುಕುರ್ಬಿಟ ಮೊಸ್ಕಾಟ. ವ್ಯತ್ಯಾಸ ಇರೋದು ನೀರಿನಲ್ಲಿ. 100 ಗ್ರಾಂ ಬಟರ್‌ನಟ್‌ನಲ್ಲಿ ನೀರು ಸುಮಾರು 86 ಗ್ರಾಂ, ಸಾಮಾನ್ಯ ಕುಂಬಳದಲ್ಲಿ 91ರ ಮೇಲೆ. ಐದು ಗ್ರಾಂ ತಾನೇ ಅನ್ನಿಸುತ್ತದೆ. ಆದರೆ ನೀರು ಕಳೆದು ಉಳಿದದ್ದನ್ನು ಲೆಕ್ಕ ಹಾಕಿ: ಅಲ್ಲಿ 14 ಗ್ರಾಂ, ಇಲ್ಲಿ 9 ಗ್ರಾಂ ಕೂಡ ಇಲ್ಲ. ಹೋಳಿಗೆ ಮೈಕಟ್ಟು ಕೊಡುವ ಪಿಷ್ಟ, ಸಕ್ಕರೆ, ನಾರು ಎಲ್ಲ ಸೇರಿ ಮೂರರಲ್ಲೊಂದು ಪಾಲಿನಷ್ಟು ಕಡಿಮೆ. ಆ ವಿಡಿಯೋದವರ ಅಳತೆ ಅವರ ಕಾಯಿಗೆ ಸರಿ. ನಮ್ಮ ಕಾಯಿಗೆ ಕಾವು ಜಾಸ್ತಿ ಬೇಕು, ಟ್ರೇಯಲ್ಲಿ ಜಾಗ ಜಾಸ್ತಿ ಬೇಕು.

ಹೋಳಿನ ಮೈಮೇಲೆ ನೀರು ಇರುವಷ್ಟು ಹೊತ್ತು ಅಲ್ಲಿನ ಬಿಸಿ ನೀರು ಕುದಿಯುವ ಮಟ್ಟವನ್ನು ದಾಟುವುದಿಲ್ಲ. ಚಿಕ್ಕಬಳ್ಳಾಪುರ, ಕೋಲಾರದ ಎತ್ತರದಲ್ಲಿ ಅದು 97 ಡಿಗ್ರಿಯ ಸುಮಾರು. ಕೆಂಪಾಗುವುದು, ಸುಟ್ಟ ಘಮ ಬರುವುದು 140 ದಾಟಿದ ಮೇಲೆ. 180ರ ಓಟಿಜಿಯಲ್ಲಿ ಹೋಳುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಒಂದರ ಹಬೆ ಇನ್ನೊಂದಕ್ಕೆ ತಾಗುತ್ತಾ ನಲವತ್ತು ನಿಮಿಷವೂ 97ರಲ್ಲೇ ಕಳೆದುಹೋಗುತ್ತದೆ. ಅಂದರೆ ನೀವು ಕುಂಬಳಕಾಯಿಯನ್ನು ಇಡ್ಲಿ ಬೇಯಿಸಿದ ಹಾಗೆ ಬೇಯಿಸಿದ್ದೀರಿ.

ಮೊದಲು ಕಾಯಿ. ಎಳೆಯ ಕಾಯಿ ತಂದರೆ ಮುಂದಿನ ಯಾವ ಉಪಾಯವೂ ಕೈ ಹಿಡಿಯುವುದಿಲ್ಲ. ಇಡೀ ಕಾಯಿಯಾದರೆ ಸಿಪ್ಪೆಗೆ ಉಗುರು ಒತ್ತಿ ನೋಡಿ, ಇಳಿಯಬಾರದು. ತೊಟ್ಟು ಒಣಗಿ ಕಟ್ಟಿಗೆಯಂತಿರಬೇಕು. ನೆಲಕ್ಕೆ ತಾಗಿಕೊಂಡಿದ್ದ ಕಡೆ ಒಂದು ಮಚ್ಚೆ ಇರುತ್ತದಲ್ಲ, ಅದು ಹಳದಿಗೋ ಕೇಸರಿಗೋ ತಿರುಗಿರಬೇಕು. ಬಿಳಿ ಹಸಿರಾಗಿದ್ದರೆ ಬೇಗ ಕಿತ್ತಿದ್ದಾರೆ ಅಂತ ಅರ್ಥ. ಹೋಳು ಕೊಳ್ಳುವುದಾದರೆ ಬೀಜ ನೋಡಿ. ದಪ್ಪಗೆ ಉಬ್ಬಿದ್ದರೆ ಬಲಿತ ಕಾಯಿ, ಚಪ್ಪಟೆಯಾಗಿ ಪೊರೆಯ ಹಾಗಿದ್ದರೆ ಎಳೆಯದು. ಬಣ್ಣ ಗಾಢ ಕೇಸರಿಯಾಗಿರಲಿ. ಕತ್ತರಿಸಿದ ಮೈ ಲೋಳೆಯಾಗಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಬಲಿತ ಕಾಯಿಯನ್ನು ತಂದ ದಿನವೇ ಒಡೆಯುವ ಆತುರವೂ ಬೇಡ. ಗಾಳಿಯಾಡುವ ಒಣ ಜಾಗದಲ್ಲಿ ಎರಡು ಮೂರು ವಾರ ಬಿಟ್ಟರೆ ಒಳಗಿನ ಪಿಷ್ಟ ಸ್ವಲ್ಪ ಸ್ವಲ್ಪವಾಗಿ ಸಕ್ಕರೆಯಾಗುತ್ತದೆ, ಸಿಹಿ ಏರುತ್ತದೆ. ಹಳ್ಳಿಮನೆಗಳಲ್ಲಿ ಅಟ್ಟದ ಮೇಲೆ ಸಾಲಾಗಿ ಇಡುತ್ತಿದ್ದದ್ದು ಸುಮ್ಮನೆ ಅಲ್ಲ. ತೊಟ್ಟು ಮುರಿದ ಕಾಯಿ ಮಾತ್ರ ಇಡಬೇಡಿ, ಆ ಗಾಯದಿಂದಲೇ ಕೊಳೆಯುವುದು ಶುರು. ಮನೆಯಲ್ಲಿ ಇಬ್ಬರು ಮೂವರೇ ಇದ್ದು ಹೋಳು ತರಲು ಮನಸ್ಸಿಲ್ಲದಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ವಿಚಾರಿಸಿ ನೋಡಿ. ಅರ್ಕಾ ಸೂರ್ಯಮುಖಿ ಒಂದು ಕೆಜಿ ಆಸುಪಾಸಿನ ಪುಟ್ಟ ಕಾಯಿ, ಅರ್ಕಾ ಚಂದನ್ ಎರಡು ಮೂರು ಕೆಜಿ. ಹಿತ್ತಿಲಿದ್ದವರು ಬೀಜ ತಂದು ಹಾಕಿಕೊಳ್ಳಬಹುದು.

ಒಂದು ಕಾಮೆಂಟಿನಲ್ಲಿ ಬೂದುಗುಂಬಳ ಆಗುತ್ತದಾ ಅಂತ ಕೇಳಿದ್ದಾರೆ. ಆಗುವುದಿಲ್ಲ. ಅದರಲ್ಲಿ ನೀರು ಇನ್ನೂ ಹೆಚ್ಚು, ಸಕ್ಕರೆ ಇಲ್ಲವೇ ಇಲ್ಲ ಅನ್ನಬಹುದು. ಕೆಂಪಾಗಲು ಏನೂ ಇಲ್ಲ. ಅದು ಮಜ್ಜಿಗೆಹುಳಿಗೆ, ಆಯುಧಪೂಜೆಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಆ ಗಾದೆಯ ಕಾಯಿ ಕೂಡ ಅದೇ. ಸಿಹಿಗುಂಬಳ ಕದ್ದವನ ಹೆಗಲಿಗೆ ಬೂದಿ ಅಂಟುವುದಿಲ್ಲ.

ಹೆಚ್ಚುವಾಗ ಮುಖ್ಯವಾದದ್ದು ಒಂದೇ, ಕಾಯಿ ಉರುಳಬಾರದು. ತೊಟ್ಟಿನ ಕಡೆ ಒಂದು ಬಿಲ್ಲೆ ತೆಗೆದು ಆ ಚಪ್ಪಟೆ ಮೈಯನ್ನು ಮಣೆಯ ಮೇಲೆ ಕೂರಿಸಿ, ಆಮೇಲೆ ಮೇಲಿಂದ ಕೆಳಕ್ಕೆ ಒತ್ತಿ. ಇಡೀ ಕಾಯಿಯನ್ನು ಹೆಂಗಸರು ಮೊದಲು ಒಡೆಯಬಾರದು, ಗಂಡಸರು ಒಡೆದುಕೊಡಬೇಕು ಅನ್ನುವ ರೂಢಿ ಎಷ್ಟೋ ಮನೆಗಳಲ್ಲಿದೆ; ಚಾಕು ಜಾರಿದರೆ ಯಾರ ಬೆರಳಾದರೂ ಒಂದೇ. ಈಳಿಗೆಮಣೆ ಇದ್ದರೆ ಚಾಕುವಿಗಿಂತ ಅದೇ ಸಲೀಸು. ಸಿಪ್ಪೆ ತೆಗೆಯುವ ಮುಂಚೆ ಕೈಗೆ ಎರಡು ಹನಿ ಎಣ್ಣೆ ಸವರಿಕೊಳ್ಳಿ. ಹಸಿ ಕುಂಬಳದ ಸೊನೆ ಒಣಗಿದರೆ ಕೆಲವರಿಗೆ ಅಂಗೈ ಬಿಗಿದು ಚರ್ಮ ಏಳುತ್ತದೆ.

ನಾಲ್ಕು ಜನಕ್ಕೆ ಮುಕ್ಕಾಲು ಕೆಜಿ ಹೋಳು ಬೇಕು. ಬೀಜ, ನಾರು, ಸಿಪ್ಪೆ ಹೋಗಿ 550ರಿಂದ 600 ಗ್ರಾಂ ಉಳಿಯುತ್ತದೆ, ರೋಸ್ಟ್ ಆದ ಮೇಲೆ ಅದು 350 ಗ್ರಾಂ ಆಸುಪಾಸಿಗೆ ಇಳಿಯಬೇಕು. ಇಳಿಯದಿದ್ದರೆ ನೀರು ಹೋಗಿಲ್ಲ ಅಂತಲೇ ಲೆಕ್ಕ. ಒಳಗಿನ ನಾರನ್ನು ಚಮಚದ ಅಂಚಿನಿಂದ ಗಟ್ಟಿ ತಿರುಳು ಸಿಗುವವರೆಗೆ ಕೆರೆದು ತೆಗೆಯಿರಿ. ನೀರು ತುಂಬಿಕೊಂಡಿರುವುದೇ ಅಲ್ಲಿ, ಓವನ್‌ನಲ್ಲಿ ಮೊದಲು ಸೀಯುವುದೂ ಅದೇ. ತೊಳೆಯುವುದಿದ್ದರೆ ಹೆಚ್ಚುವ ಮುಂಚೆ ತೊಳೆಯಿರಿ. ಹೆಚ್ಚಿದ ಹೋಳನ್ನು ನೀರಿಗೆ ಹಾಕಬೇಡಿ.

ಎರಡೂವರೆ ಸೆಂಟಿಮೀಟರಿನ ಚೌಕ ಹೋಳುಗಳು ನೋಡಲು ಚೆಂದ, ಆದರೆ ನೀರಿನ ಕಾಯಿಗೆ ನಾನು ಹೇಳುವುದು ಒಂದೂವರೆ ಸೆಂಟಿಮೀಟರ್ ದಪ್ಪದ, ಬೆರಳುದ್ದದ ಚಪ್ಪಟೆ ಹೋಳು. ಟ್ರೇಗೆ ತಾಗುವ ಮೈ ಅಗಲ, ನೀರು ಹೊರಬರುವ ದಾರಿ ಗಿಡ್ಡ. ದಪ್ಪ ಒಂದೇ ಸಮ ಇರಲಿ. ಸಿಪ್ಪೆ ತೆಳ್ಳಗಿದ್ದರೆ ಬಿಡಬಹುದು, ಹೋಳು ಒಡೆಯದೆ ನಿಲ್ಲುತ್ತದೆ. ನಮ್ಮ ಬಲಿತ ಕಾಯಿಗಳ ಸಿಪ್ಪೆ ಹೆಚ್ಚಾಗಿ ತೊಗಲಿನಂತಿರುತ್ತದೆ, ತೆಗೆದುಬಿಡಿ.

ಓಟಿಜಿಯನ್ನು 220 ಡಿಗ್ರಿಗೆ ಇಟ್ಟು, ಮೇಲಿನ ಕೆಳಗಿನ ಎರಡೂ ಕಾಯಿಲ್ ಹಾಕಿ, ಖಾಲಿ ಟ್ರೇಯನ್ನೂ ಒಳಗಿಟ್ಟು 15 ನಿಮಿಷ ಕಾಯಿಸಿ. ಒಳಗೆ ಫ್ಯಾನ್ ಇರುವ ಮಾಡೆಲ್ ಆದರೆ 200 ಸಾಕು. ಹೋಳುಗಳಿಗೆ ನಾಲ್ಕು ಟೀ ಚಮಚ ಕಡಲೆಕಾಯಿ ಎಣ್ಣೆ ಹಾಕಿ ಕೈಯಲ್ಲೇ ಸವರಿ. ಪ್ರತಿ ಹೋಳೂ ಮಿನುಗಬೇಕು, ಪಾತ್ರೆಯ ತಳದಲ್ಲಿ ಎಣ್ಣೆ ನಿಲ್ಲಬಾರದು. ಉಪ್ಪು ಮುಕ್ಕಾಲು ಟೀ ಚಮಚ, ಅದನ್ನು ಟ್ರೇಗೆ ಹಾಕುವ ಕ್ಷಣದಲ್ಲಿ ಬೆರೆಸಿ. ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟರೆ ಪಾತ್ರೆಯಲ್ಲೇ ನೀರು ಬಿಟ್ಟುಕೊಂಡಿರುತ್ತದೆ. ಈ ಅಳತೆ ಮೊದಲಿಗೆ ಸಪ್ಪೆ ಅನ್ನಿಸಬಹುದು. ಹೋಳು ಕುಗ್ಗಿದ ಮೇಲೆ ಸರಿಹೋಗುತ್ತದೆ.

ಕಾದ ಟ್ರೇ ಮೇಲೆ ಮೊದಲ ಹೋಳು ಬಿದ್ದಾಗ ಚುಂಯ್ ಅನ್ನಬೇಕು. ಸದ್ದಿಲ್ಲದಿದ್ದರೆ ಇನ್ನೈದು ನಿಮಿಷ ಕಾಯಿಸಿ. ಹೋಳಿನಿಂದ ಹೋಳಿಗೆ ಒಂದು ಬೆರಳು ಅಂತರ ಬಿಡಿ. ಸಣ್ಣ ಓಟಿಜಿಯ ಟ್ರೇಯಲ್ಲಿ ಒಂದು ಸಲಕ್ಕೆ 300 ಗ್ರಾಂ ಮೇಲೆ ಹಿಡಿಯುವುದಿಲ್ಲ, ಆದ್ದರಿಂದ ಎರಡು ಸರದಿ ಮಾಡಲೇಬೇಕು. ಸೋಮಾರಿತನಕ್ಕೆ ಒಂದೇ ಸಲ ತುಂಬಿದಿರೋ, ಮತ್ತೆ ಅದೇ ನೀರು. ಟ್ರೇಗೆ ಹೊಳೆಯುವ ಫಾಯಿಲ್ ಹಾಸಿದರೆ ತಳ ಕೆಂಪಾಗುವುದು ನಿಧಾನ. ಬಟರ್ ಪೇಪರ್ ಅಂತ ಮಾರುವ ಎಲ್ಲ ಹಾಳೆಗಳೂ 220 ಡಿಗ್ರಿ ತಡೆಯುವುದಿಲ್ಲ, ಪ್ಯಾಕೆಟ್ ಮೇಲೆ ಬರೆದದ್ದನ್ನು ನೋಡಿ. ಕಪ್ಪು ಟ್ರೇಗೆ ನೇರವಾಗಿ ಹಾಕುವುದೇ ಒಳ್ಳೆಯದು.

ಮೊದಲ 15 ನಿಮಿಷ ಮುಟ್ಟಬೇಡಿ. ಬೇಗ ತಿರುವಿದರೆ ತಳದ ಪದರ ಟ್ರೇಗೇ ಅಂಟಿ ಉಳಿಯುತ್ತದೆ. ಕೆಂಪಾದ ಮೇಲೆ ಅದೇ ಬಿಟ್ಟುಕೊಡುತ್ತದೆ. ಹತ್ತನೇ ನಿಮಿಷಕ್ಕೆ ಬಾಗಿಲನ್ನು ಒಂದು ಸಲ ಎರಡು ಮೂರು ಸೆಕೆಂಡು ತೆರೆದು ಮುಚ್ಚಿ, ಗಾಜಿಗೆ ಕಟ್ಟಿದ ಹಬೆ ಹೊರಗೆ ಹೋಗಲಿ. 15ಕ್ಕೆ ತಿರುವಿಹಾಕಿ, ಮತ್ತೆ 8ರಿಂದ 12 ನಿಮಿಷ. ಗಡಿಯಾರಕ್ಕಿಂತ ಹೋಳನ್ನು ನಂಬಿ. ಅಂಚು ಬೆಲ್ಲದ ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿರಬೇಕು, ಮೂಲೆಗಳಲ್ಲಿ ಚೂರು ಕಪ್ಪು ಇರಬಹುದು, ನಡುವೆ ಚಾಕುವಿನ ತುದಿ ಬೆಣ್ಣೆಗೆ ಇಳಿದ ಹಾಗೆ ಇಳಿಯಬೇಕು, ಎತ್ತಿದರೆ ಹೋಳು ಬಾಗಬೇಕು, ಮುರಿದು ಬೀಳಬಾರದು. ಮೇಲೆ ಕಪ್ಪಾಗಿ ಒಳಗೆ ಗಟ್ಟಿ ಇದ್ದರೆ ಟ್ರೇ ಮೇಲಿನ ಕಾಯಿಲ್‌ಗೆ ಹತ್ತಿರ ಇದೆ, ಒಂದು ಮೆಟ್ಟಿಲು ಇಳಿಸಿ. ಒಳಗೆ ಬೆಂದು ಮೇಲೆ ಬೆಳ್ಳಗೇ ಇದ್ದರೆ ಓಟಿಜಿ ಹೇಳುವಷ್ಟು ಕಾಯುತ್ತಿಲ್ಲ. ಅಗ್ಗದ ಓಟಿಜಿಗಳಲ್ಲಿ ಗುಂಡಿ ತೋರಿಸುವುದಕ್ಕೂ ಒಳಗಿನ ಬಿಸಿಗೂ 20-30 ಡಿಗ್ರಿ ಅಂತರ ಇರುವುದು ಅಪರೂಪವಲ್ಲ. ನಡುವೆ ಕರೆಂಟು ಹೋದರೆ ಬರಲಿ ಅಂತ ಕಾಯಬೇಡಿ. ಮುಚ್ಚಿದ ಬಿಸಿ ಪೆಟ್ಟಿಗೆಯಲ್ಲಿ ಬೆವರಿ ಮೆತ್ತಗಾಗುತ್ತವೆ, ತೆಗೆದು ಕಾವಲಿಗೆ ಹಾಕಿ ಮುಗಿಸಿ.

ಹಾಗೆ ನೋಡಿದರೆ ಕಾವಲಿಯಲ್ಲೇ ಶುರು ಮಾಡಿದರೂ ತಪ್ಪಿಲ್ಲ. ದಪ್ಪ ಕಬ್ಬಿಣದ ಕಾವಲಿ ಹೊಗೆಯಾಡುವ ಮುಂಚಿನ ಹದಕ್ಕೆ ಕಾಯಲಿ, ಹೋಳು ಹರಡಿ ದೊಡ್ಡ ಉರಿಗಿಂತ ಸ್ವಲ್ಪ ಕಡಿಮೆಯಲ್ಲಿ ಒಂದೊಂದು ಮಗ್ಗುಲಿಗೆ ಮೂರು ನಿಮಿಷ. ಆಮೇಲೆ ಉರಿ ಸಣ್ಣ ಮಾಡಿ ಮೂರು ನಾಲ್ಕು ನಿಮಿಷ ಮುಚ್ಚಳ, ಒಳಗೆ ಬೇಯುವುದಕ್ಕೆ. ಕೊನೆಗೆ ಮುಚ್ಚಳ ತೆಗೆದು ಉರಿ ಏರಿಸಿ ಎರಡು ನಿಮಿಷ, ಬಿಟ್ಟ ನೀರು ಆರಿಹೋಗುವುದಕ್ಕೆ. ಈ ಕೊನೆಯ ಎರಡು ನಿಮಿಷ ತಪ್ಪಿಸಿದರೆ ಅದು ಪಲ್ಯ. ಏರ್ ಫ್ರೈಯರ್ ಇದ್ದರೆ 190 ಡಿಗ್ರಿ, 300 ಗ್ರಾಮಿಗೆ ಸುಮಾರು 16 ನಿಮಿಷ, ನಡುವೆ ಒಂದು ಸಲ ಕುಲುಕಿ. ಬರೀ ಮೈಕ್ರೋವೇವ್ ಇದಕ್ಕೆ ಆಗಿಬರುವುದಿಲ್ಲ.

ಖಾರದ ವಿಚಾರ. ಅಚ್ಚಖಾರದ ಪುಡಿ, ಬೆಳ್ಳುಳ್ಳಿ, ಬೆಲ್ಲ ಮೂರೂ 220 ಡಿಗ್ರಿಯಲ್ಲಿ ಸೀದು ಕಹಿಯಾಗುತ್ತವೆ, ಆದ್ದರಿಂದ ಮೊದಲೇ ಹಚ್ಚಬೇಡಿ. ಖಾರದ ಪುಡಿ ಅರ್ಧ ಟೀ ಚಮಚ ಕೊನೆಯ ಐದು ನಿಮಿಷಕ್ಕೆ, ಕರಿಬೇವು ಕೊನೆಯ ಎರಡು ನಿಮಿಷಕ್ಕೆ. ಬೆಲ್ಲ ಬೇಕೇ ಅನ್ನುವವರು ಹೊರಗೆ ತೆಗೆದ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ. ಬಲಿತ ಕಾಯಿಯಾದರೆ ಅದೂ ಬೇಡ, ಬೇಕಾದದ್ದು ಹುಳಿ.

ನನ್ನ ಕೇಳಿದರೆ ಈ ಹೋಳಿಗೆ ಹುಚ್ಚೆಳ್ಳು ಪುಡಿಯಷ್ಟು ಹೊಂದುವುದು ಇನ್ನೊಂದಿಲ್ಲ. ರಾಗಿ ಹೊಲದ ಅಂಚಿನ ಸಾಲಿನ ಬೆಳೆ, ತುಮಕೂರಿನಿಂದ ಕೋಲಾರದವರೆಗೆ ಸಂತೆಯಲ್ಲಿ ಕೇಳಿದರೆ ಸಿಗುತ್ತದೆ. 50 ಗ್ರಾಂ ಹುಚ್ಚೆಳ್ಳನ್ನು ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ಕಪ್ಪು ಕಾಳು, ಬಣ್ಣ ನೋಡಿ ಹದ ತಿಳಿಯುವುದಿಲ್ಲ, ಕಿವಿ ಕೊಡಬೇಕು: ಚಟಪಟ ಶುರುವಾಗಿ ಎಣ್ಣೆಯ ಘಮ ಬಂದ ಕೂಡಲೇ ತಟ್ಟೆಗೆ ಸುರಿಯಿರಿ, ಅರ್ಧ ನಿಮಿಷ ಹೆಚ್ಚಾದರೂ ಕಹಿ. ಅದೇ ಬಾಣಲೆಯ ಬಿಸಿಯಲ್ಲಿ ನಾಲ್ಕು ಒಣಮೆಣಸಿನಕಾಯಿ ಗರಿಗರಿ ಮಾಡಿ, ನಾಲ್ಕು ಎಸಳು ಬೆಳ್ಳುಳ್ಳಿ, ಗೋಲಿಯಷ್ಟು ಒಣ ಹುಣಸೆಹಣ್ಣು, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿ. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಬಿಸಿ ಹೋಳಿನ ಮೇಲೆ ಒಂದೂವರೆ ಟೇಬಲ್ ಚಮಚ ಉದುರಿಸಿ ಮೆಲ್ಲಗೆ ಕುಲುಕಿದರೆ ಸಾಕು. ಉಳಿದ ಪುಡಿ ಡಬ್ಬಿಯಲ್ಲಿ ಎರಡು ವಾರ ಕೆಡುವುದಿಲ್ಲ. ಇದು ಬಸ್ಸಾರು ಮುದ್ದೆಗೆ. ಚಪಾತಿಗಾದರೆ ಪುಡಿ ಬಿಟ್ಟು, ಎರಡು ಟೀ ಚಮಚ ಎಣ್ಣೆಯಲ್ಲಿ ಸಾಸಿವೆ, ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ನಿಂಬೆಹುಳಿ ಹಿಂಡಿ.

ಬಡಿಸುವವರೆಗೆ ಮುಚ್ಚಿಡಬೇಡಿ, ಡಬ್ಬಿಗೂ ಹಾಕಬೇಡಿ; ಹತ್ತು ನಿಮಿಷದಲ್ಲಿ ಬೆವರಿ ಮೊದಲಿನ ಸ್ಥಿತಿಗೆ ಬರುತ್ತವೆ. ಉಳಿದರೆ ಮಾರನೆಯ ದಿನ ಮತ್ತೆ ಗರಿ ಮಾಡಲು ಹೋಗದೆ ಕಿವುಚಿ ಮೊಸರುಬಜ್ಜಿ ಮಾಡಿ. ನೀರೆಲ್ಲ ಆಗಲೇ ಹೋಗಿರುವುದರಿಂದ ಮೊಸರು ತೆಳ್ಳಗಾಗುವುದಿಲ್ಲ. ಹಸಿ ಹೋಳು ಮಿಕ್ಕಿದ್ದರೆ ನಾರು, ಬೀಜ ತೆಗೆದೇ ಫ್ರಿಜ್ಜಿಗೆ ಇಡಿ, ಬೂಸ್ಟು ಹಿಡಿಯುವುದು ಅಲ್ಲಿಂದಲೇ. ಮೂರು ನಾಲ್ಕು ದಿನ ಬರುತ್ತದೆ.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಹೆಚ್ಚಿದಾಗ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಸಪ್ಪೆ ಇರಬಹುದು, ಹಸಿ ವಾಸನೆ ಇರಬಹುದು, ಆದರೆ ಕಹಿ ಇದ್ದರೆ ಉಗಿದು, ಇಡೀ ಕಾಯಿಯನ್ನು ಬಿಸಾಡಿ. ಆ ಕಹಿ ಕುಕುರ್ಬಿಟಾಸಿನ್ ಅನ್ನುವ ವಿಷದ್ದು, ವಾಂತಿ ಭೇದಿ ತರಿಸುತ್ತದೆ. ಬೇಯಿಸಿದರೂ ಸುಟ್ಟರೂ ಅದು ಹೋಗುವುದಿಲ್ಲ. ಹಿತ್ತಿಲಲ್ಲಿ ತಾನಾಗಿ ಹುಟ್ಟಿದ ಬಳ್ಳಿಯ ಕಾಯಿಯಲ್ಲಿ ಈ ಅಪಾಯ ಹೆಚ್ಚು, ಹಾಗಾಗಿ ಅಂಥ ಬಳ್ಳಿಯ ಬೀಜವನ್ನೂ ಹುರಿದು ತಿನ್ನಬೇಡಿ, ಮುಂದಿನ ವರ್ಷಕ್ಕೂ ಎತ್ತಿಡಬೇಡಿ.