ಕಾಲೇಜಿನ ಪಾಠ ನನ್ನ ಮೊದಲ ಕೆಲಸದಲ್ಲಿ ಒದಗಿದ ಬಗೆ

ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷದಲ್ಲಿರುವ ನೀವು, ಡೇಟಾ ಸ್ಟ್ರಕ್ಚರ್, ಡೇಟಾಬೇಸ್ ಮುಂತಾದ ವಿಷಯಗಳು ಕೆಲಸದಲ್ಲಿ ನಿಜಕ್ಕೂ ಬೇಕಾಗುತ್ತವೆಯೇ, ಅಥವಾ ಬೇಡಿಕೆಯಲ್ಲಿರುವ ಫ್ರೇಮ್‌ವರ್ಕ್ (ಸಾಫ್ಟ್‌ವೇರ್ ಕಟ್ಟಲು ಸಿದ್ಧವಾಗಿ ಸಿಗುವ ಕೋಡ್ ಚೌಕಟ್ಟು) ಒಂದನ್ನು ಕಲಿತರೆ ಸಾಕೇ ಎಂದು ಕೇಳಿದ್ದೀರಿ. ಖಂಡಿತ ಬೇಕಾಗುತ್ತವೆ. ಆದರೆ ಪ್ರಶ್ನೆಪತ್ರಿಕೆಯಲ್ಲಿ ಕಂಡ ರೂಪದಲ್ಲೇ ಅವು ಎದುರಾಗುವುದಿಲ್ಲವಾದ್ದರಿಂದ, ಅವುಗಳ ಗುರುತು ಹಿಡಿಯಲು ನನಗೆ ಸುಮಾರು ಒಂದು ವರ್ಷ ಬೇಕಾಯಿತು.

ಪದವಿಯಲ್ಲಿ ನಾನು ಮೊದಲು ಸಿ, ಆಮೇಲೆ ಜಾವಾ ಕಲಿತೆ. ಲ್ಯಾಬ್‌ನಲ್ಲಿ ಪ್ರತಿ ಪ್ರೋಗ್ರಾಮನ್ನೂ ಖಾಲಿ ಫೈಲಿನಿಂದ ಆರಂಭಿಸುತ್ತಿದ್ದೆವು. ಅದು 200 ಸಾಲು ದಾಟಿದರೆ ದೊಡ್ಡದೆನಿಸುತ್ತಿತ್ತು. ಕೆಲಸಕ್ಕೆ ಸೇರಿದಾಗ ಕೈಗೆ ಬಂದದ್ದು ಹಲವರು ವರ್ಷಗಟ್ಟಲೆ ಬರೆದಿದ್ದ ಲಕ್ಷಾಂತರ ಸಾಲುಗಳ ಕೋಡ್. ಮೊದಲ ಮೂರು ತಿಂಗಳು ನಾನು ಬರೆದದ್ದು ಅತ್ಯಲ್ಪ, ಓದಿದ್ದೇ ಹೆಚ್ಚು. ಬೇರೆಯವರ ಕೋಡ್ ಓದುವುದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ, ಅದು ದೊಡ್ಡ ಕೊರತೆಯೆಂದು ಈಗಲೂ ನಂಬಿದ್ದೇನೆ. ಲಿನಕ್ಸ್ ಕರ್ನಲ್‌ನ ಕೆಲಸಕ್ಕಾಗಿ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ, ಕೋಡಿನ ಬದಲಾವಣೆಗಳ ಇತಿಹಾಸವನ್ನು ಕಾಪಿಡುವ ಗಿಟ್ ಎಂಬ ಸಾಧನ ನನ್ನ ನೆರವಿಗೆ ಬಂತು: ಒಂದು ಸಾಲು ಯಾವಾಗ ಬದಲಾಯಿತು, ಬದಲಿಸಿದವರು ಏನು ಕಾರಣ ಬರೆದರು ಎಂದು ಹಿಂದಕ್ಕೆ ಹೋಗಿ ನೋಡುತ್ತಾ, ವಿಚಿತ್ರವಾಗಿ ಕಂಡ ಎಷ್ಟೋ ಷರತ್ತುಗಳ ಹಿಂದೆ ನಿಜವಾದ ತೊಂದರೆಯೊಂದು ಇದ್ದುದನ್ನು ಅರಿತೆ.

ಪಾಠಕ್ಕೂ ಕೆಲಸಕ್ಕೂ ಇರುವ ನಂಟು ಹೊಳೆದದ್ದು ನಾನೇ ಮಾಡಿದ ತಪ್ಪಿನಿಂದ. ಗ್ರಾಹಕರ ವ್ಯವಹಾರಗಳನ್ನು ಒಟ್ಟುಗೂಡಿಸುವ ವರದಿಯೊಂದನ್ನು ಬರೆದಿದ್ದೆ. ಪರೀಕ್ಷೆಗೆಂದು ಇಟ್ಟಿದ್ದ ಸ್ವಲ್ಪ ಡೇಟಾದಲ್ಲಿ ಅದು ಕ್ಷಣದಲ್ಲಿ ಮುಗಿಯುತ್ತಿತ್ತು, ನಿಜವಾದ ಡೇಟಾದ ಮೇಲೆ ಓಡಿಸಿದಾಗ ಮುಗಿಯಲೇ ಇಲ್ಲ. ಲೂಪಿನೊಳಗೆ ಪ್ರತಿ ಗ್ರಾಹಕರಿಗೂ ಪ್ರತ್ಯೇಕವಾಗಿ ಡೇಟಾಬೇಸನ್ನು ಕೇಳುತ್ತಿದ್ದೆ, ಹುಡುಕುವ ಕಾಲಮ್ಮಿಗೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂತೆ, ಬೇಕಾದ ಸಾಲು ಎಲ್ಲಿದೆಯೆಂದು ತೋರಿಸುವ ಪಟ್ಟಿ) ಕೂಡ ಇರಲಿಲ್ಲ. 10 ಸಾವಿರ ಗ್ರಾಹಕರು, 10 ಲಕ್ಷ ಸಾಲುಗಳ ಟೇಬಲ್ ಎಂದುಕೊಂಡರೆ, ಪ್ರತಿ ಗ್ರಾಹಕರಿಗೂ ಇಡೀ ಟೇಬಲ್ ಓದಬೇಕಾದ್ದರಿಂದ ಒಟ್ಟು 1,000 ಕೋಟಿ ಸಾಲುಗಳನ್ನು ತಡಕಬೇಕಾಗುತ್ತದೆ. ಕ್ರಮವಾಗಿ ಜೋಡಿಸಿದ 10 ಲಕ್ಷ ಅಂಶಗಳಲ್ಲಿ ಒಂದನ್ನು, ಪ್ರತಿ ಸಲ ಅರ್ಧ ಭಾಗವನ್ನು ಕೈಬಿಡುತ್ತಾ ಹೋಗುವ ಬೈನರಿ ಸರ್ಚ್ ಸುಮಾರು 20 ಹೋಲಿಕೆಗಳಲ್ಲಿ ಹುಡುಕುತ್ತದೆ ಎಂದು ಎರಡನೇ ವರ್ಷದಲ್ಲೇ ಬರೆದು ಅಂಕ ಪಡೆದಿದ್ದವನು ನಾನು! ಡೇಟಾಬೇಸಿನ ಇಂಡೆಕ್ಸನ್ನು ಸಾಮಾನ್ಯವಾಗಿ ಕಟ್ಟುವ ಬಿ-ಟ್ರೀ ಎಂಬ ರಚನೆ ಕೂಡ ಪಠ್ಯದಲ್ಲಿತ್ತು. ಡಿಸ್ಕಿನಿಂದ ಒಂದು ಸಾರಿಗೆ ಒಂದು ಇಡೀ ಪುಟ ಬರುವುದರಿಂದ, ಒಂದೊಂದು ನೋಡ್‌ನಲ್ಲಿ (ಕವಲೊಡೆಯುವ ಗಂಟಿನಲ್ಲಿ) ನೂರಾರು ಕೀಗಳನ್ನು (ಹುಡುಕುವ ಮೌಲ್ಯಗಳನ್ನು) ಇಟ್ಟರೆ ಮೂರು ನಾಲ್ಕು ಹಂತಗಳಲ್ಲೇ ಬೇಕಾದ ಸಾಲು ಸಿಗುತ್ತದೆ ಎಂಬ ಅದರ ತಿರುಳು ಮಾತ್ರ ಆ ದಿನದವರೆಗೆ ನನಗೆ ದಕ್ಕಿರಲಿಲ್ಲ. ಇಂಡೆಕ್ಸ್ ಸೇರಿಸಿ, ಲೂಪಿನ ಬದಲು ಟೇಬಲ್‌ಗಳನ್ನು ಒಂದೇ ಸಲಕ್ಕೆ ಜೋಡಿಸುವ ಒಂದೇ ಜಾಯಿನ್ ಬರೆದ ಮೇಲೆ ವರದಿ ಕೆಲವು ಸೆಕೆಂಡುಗಳಲ್ಲಿ ಬಂತು.

ಆ ಬಳಿಕ ಹಳೆಯ ನೋಟ್ಸ್ ತೆಗೆದು ಮತ್ತೆ ಓದಿದೆ. ಫ್ರೇಮ್‌ವರ್ಕನ್ನೂ ಕಲಿಯಿರಿ, ಸಂದರ್ಶನಕ್ಕೆ ಅದು ಬೇಕು. ಆದರೆ ನಾನು ಮೊದಲು ಬಳಸಿದ್ದ ಫ್ರೇಮ್‌ವರ್ಕನ್ನು ಎರಡೇ ವರ್ಷಗಳಲ್ಲಿ ನಮ್ಮ ತಂಡ ಕೈಬಿಟ್ಟಿತು.

ನಿಮ್ಮ ಡೇಟಾಬೇಸ್ ಲ್ಯಾಬ್ ಇನ್ನೂ ಮುಗಿದಿಲ್ಲವೆಂದಾದರೆ, 10 ಲಕ್ಷ ಸಾಲುಗಳ ಟೇಬಲ್ಲೊಂದನ್ನು ನೀವೇ ತುಂಬಿಸಿ, ಒಂದೇ ಕ್ವೆರಿಯನ್ನು (ಡೇಟಾಬೇಸಿಗೆ ಕೇಳುವ ಪ್ರಶ್ನೆಯನ್ನು) ಇಂಡೆಕ್ಸ್ ಹಾಕುವ ಮೊದಲೂ ಹಾಕಿದ ಮೇಲೂ ಓಡಿಸಿ, ಎರಡು ಸಲವೂ ಡೇಟಾಬೇಸ್ ಅದನ್ನು ಹೇಗೆ ನಡೆಸುತ್ತದೆಂದು ಎಕ್ಸ್‌ಪ್ಲೇನ್ (EXPLAIN) ಆದೇಶ ಕೊಡುವ ವಿವರವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.