ಬಲಿಪೀಠದ ಬಟ್ಟೆಗೆ ಹೊಲಿದವರ ಹೆಸರು ಹಾಕಬಹುದಾ?

ಅಕ್ಕಾ, ಸಕಲೇಶಪುರದ ನಿಮ್ಮ ಚರ್ಚಿನ ಹೆಂಗಸರೆಲ್ಲ ಸೇರಿ ಬಲಿಪೀಠಕ್ಕೆ ಕಸೂತಿ ಬಟ್ಟೆ ಮಾಡಿ ಕ್ರಿಸ್‌ಮಸ್‌ಗೆ ಒಪ್ಪಿಸುತ್ತೀರಿ, ಅದರಲ್ಲಿ ಹೆಸರು ಹಾಕಬಹುದಾ ಅಂತ ಕೇಳಿದ್ದೀರಿ. ಓದಿ ತುಂಬಾ ಖುಷಿಯಾಯಿತು.

ಖಂಡಿತ ಹಾಕಿ. ಆದರೆ ಒಳಮಗ್ಗುಲಲ್ಲಿ, ಅಂಚು ಮಡಿಚುವ ಕಡೆ, ಬಿಳಿ ದಾರದಲ್ಲಿ ಸಣ್ಣಗೆ. ಬೇಲೂರಿನ ಮದನಿಕೆಯರ ಬುಡದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ ಅಲ್ವಾ? ನಮ್ಮ ಹಾಸನ ಸೀಮೆಗೆ ಇದು ಹೊಸದೇನಲ್ಲ.

ಕ್ಯಾಥೊಲಿಕ್ ಪದ್ಧತಿಯಲ್ಲಿ ಪೀಠದ ಮೇಲಿನ ಬಟ್ಟೆ ಬಿಳಿಯದ್ದೇ ಇರಬೇಕು. ಬಣ್ಣದ್ದು ಬೇಕಿದ್ದರೆ ಅದರ ಕೆಳಗೆ, ಮುಂದೆ ಇಳಿಬಿಡುವಂತೆ ಮಾಡಿ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲಕ್ಕೂ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲಕ್ಕೂ ನೇರಳೆ, ಹಬ್ಬದ ಕಾಲಗಳಲ್ಲದ ಸಾಧಾರಣ ಕಾಲಕ್ಕೆ ಹಸಿರು.

ಹತ್ತಿ ಬಟ್ಟೆಯಾದರೆ ಹೊಲಿಯುವ ಮೊದಲೇ ಒಗೆದು ಒಣಗಿಸಿ, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ. ದಾರವನ್ನೂ ನೆನೆಸಿ, ಬಿಳಿ ಚಿಂದಿಯಲ್ಲಿ ಒತ್ತಿ ನೋಡಿ. ನಮ್ಮಲ್ಲಿ ಒಂದು ಸಲ ಕೆಂಪು ದಾರ ಬಣ್ಣ ಬಿಟ್ಟಿತು. ದ್ರಾಕ್ಷಿ ಗೊಂಚಲಿನ ಸುತ್ತ ಗುಲಾಬಿ ಕಲೆ, ಮೂರು ತಿಂಗಳ ಕೆಲಸ. ಆ ದಿನ ಹೊಲಿದವರ ಮುಖ ನೋಡೋಕೆ ಆಗಲಿಲ್ಲ.

ಒಪ್ಪಿಸುವ ಬಗ್ಗೆ ಫಾದರ್ ಹತ್ತಿರ ಮೊದಲೇ ಮಾತಾಡಿ, ಬಳಸುವ ಮೊದಲು ಆಶೀರ್ವಾದ ಮಾಡಿಸಿ. ಹೊಲಿದವರಲ್ಲಿ ಎಲ್ಲರಿಗಿಂತ ಹಿರಿಯಜ್ಜಿಯ ಕೈಲೇ ಕೊಡಿಸಿ.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಹಳೇ ಪಂಚೆಯಲ್ಲಿ ಸುತ್ತಿಡಿ.